ಹೊಸದಾಗಿ ಸೇರುವವರಿಗೆ ಐದು ಲೆಕ್ಕ

ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ನನಗೆ ಸುಗ್ಗಿ. ನನ್ನದು ಫ್ಲೆಕ್ಸ್ ಅಂಗಡಿ. ಊರಿನ ಯಾವ ಶಾಲೆಯಲ್ಲಿ ಎಷ್ಟು ಮಂದಿ ಪಾಸಾದರು ಎನ್ನುವುದು ಪೇಪರಿನವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಕೆಲವರು ಬಂದು ಮಕ್ಕಳ ಮುಖ ದೊಡ್ಡದು ಮಾಡಿ ಎನ್ನುತ್ತಾರೆ, ಹೆಚ್ಚಿನವರು ಅಂಕಿ ದೊಡ್ಡದು ಮಾಡಿ ಎನ್ನುತ್ತಾರೆ. ಮುಖ ಹೇಗಾದರೂ ಇರಲಿ, ಅಂಕಿ ಮಾತ್ರ ಓಡುವ ಬಸ್ಸಿನಲ್ಲಿ ಕೂತವರಿಗೂ ಕಾಣಬೇಕು. ದೊಡ್ಡ ರಸ್ತೆಯ ಖಾಸಗಿ ಶಾಲೆಯ ‘ನೂರಕ್ಕೆ ನೂರು’ ಬೋರ್ಡನ್ನು ಪ್ರತಿ ವರ್ಷ ಮಾಡಿಕೊಡುವವನು ನಾನೇ. ಇಸವಿ ಬದಲಾಯಿಸುವುದು, ಮುಖಗಳನ್ನು ಬದಲಾಯಿಸುವುದು, ಅಂಕಿಯನ್ನು ಮುಟ್ಟದೆ ಹಾಗೇ ಬಿಡುವುದು, ಇಷ್ಟೇ ಕೆಲಸ. ನನ್ನ ಮಗಳು ಓದುತ್ತಿರುವುದು ಅದೇ ಶಾಲೆಯಲ್ಲಿ ಎಂದು ಅಂಗಡಿಗೆ ಬಂದವರಿಗೆಲ್ಲ, ಅವರು ಕೇಳದಿದ್ದರೂ, ಹೇಳಿ ಕಳಿಸುತ್ತಿದ್ದೆ.

ಈ ಸಲ ಆ ಶಾಲೆಯಿಂದ ಫೋನು ಬಂದಾಗ ಬೋರ್ಡಿನ ಅಳತೆ ಮಾತಾಡಲು ಎಂದೇ ಅಂದುಕೊಂಡೆ. ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದಾಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತು.

ಅಲ್ಲಿನ ಪ್ರಿನ್ಸಿಪಾಲರು ಮೆತ್ತಗೆ ಮಾತಾಡುವ ಹೆಂಗಸು. ಬೈದಿದ್ದರೆ ಚೆನ್ನಾಗಿತ್ತು, ನಾವೂ ತಿರುಗಿ ನಾಲ್ಕು ಮಾತು ಆಡಬಹುದಿತ್ತು. ಆಕೆ ನೀರು ತರಿಸಿಕೊಟ್ಟು, ನಾವು ಕುಡಿಯುವವರೆಗೂ ಕಾದರು.

“ನಿಮ್ಮ ಮಗು ತುಂಬಾ ಒಳ್ಳೇದು. ಜಗಳ ಇಲ್ಲ, ಗಲಾಟೆ ಇಲ್ಲ. ಆದ್ರೆ ಓದೋದ್ರಲ್ಲಿ ಸ್ವಲ್ಪ ನಿಧಾನ. ಲೆಕ್ಕ ಅಂತೂ ಕೈಗೇ ಹತ್ತುತ್ತಿಲ್ಲ. ಒಂಬತ್ತನೇ ಕ್ಲಾಸು ಪಾಸ್ ಅಂತ ಬರೆದು ಟಿ.ಸಿ. ಕೊಡ್ತೀವಿ, ಹತ್ತನೇದಕ್ಕೆ ಬೇರೆ ಕಡೆ ಸೇರಿಸಿಬಿಡಿ. ಇಲ್ಲೇ ಇರ್ಲಿ ಅಂದ್ರೆ ಫೇಲ್ ಮಾಡ್ಬೇಕಾಗುತ್ತೆ.”

“ಇನ್ನೂ ಒಂದು ವರ್ಷ ಇದೆಯಲ್ಲ ಮೇಡಂ, ಟ್ಯೂಷನ್ನಿಗೆ ಹಾಕ್ತೀವಿ,” ಎಂದೆ ನಾನು.

ಪ್ರಿನ್ಸಿಪಾಲರು ನನ್ನ ಕಡೆ ನೋಡಲೇ ಇಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, “ನಿಮಗೆ ನಾನು ಬಿಡಿಸಿ ಹೇಳ್ಬೇಕಾ ಮೇಡಂ? ನೀವೂ ಇದೇ ಕೆಲಸದವರು. ನಿಮ್ಮ ಸ್ಕೂಲಿನ ರಿಸಲ್ಟು ಹೇಗೆ ಮೇಲೆ ಬಂತು ಅಂತ ನಮಗೂ ಗೊತ್ತಿದೆ,” ಎಂದು ನಕ್ಕರು. ಆ ನಗುವಿನಲ್ಲಿ ಕೊಂಕೇನೂ ಇರಲಿಲ್ಲ. ಒಂದೇ ಕಸುಬಿನವರು ಒಬ್ಬರಿಗೊಬ್ಬರು ನಗುವ ಹಾಗೆ ಇತ್ತು. ನನ್ನ ಹೆಂಡತಿ ಎದ್ದು ನಿಂತಳು.

ಬಾಗಿಲ ತನಕ ಬಂದವರು, “ಬೋರ್ಡು ಈ ಸಲ ಸ್ವಲ್ಪ ದೊಡ್ಡದೇ ಮಾಡಿ ಸಾರ್,” ಎಂದರು. “ಆಗ್ಲಿ ಮೇಡಂ,” ಎಂದೆ. ಮಗಳನ್ನು ಹೊರಗೆ ಹಾಕಿದವರ ಬಾಗಿಲಲ್ಲೇ ನಿಂತು ಅವರ ಬೋರ್ಡಿನ ಆರ್ಡರು ಹಿಡಿದೆ. ಈಗಲೂ ಆ ‘ಆಗ್ಲಿ ಮೇಡಂ’ ನೆನಪಾದರೆ ಮೈ ಮುದುಡುತ್ತದೆ.

ಪ್ರಿನ್ಸಿಪಾಲರು ಹೇಳಿದ್ದು ಏನು ಎನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ನನ್ನ ಹೆಂಡತಿ ಸರ್ಕಾರಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಕೆಲವು ವರ್ಷಗಳ ಹಿಂದೆ ಆ ಶಾಲೆಯ ಫಲಿತಾಂಶ ನೆಲಕಚ್ಚಿತ್ತು. ಮೇಲಿನ ಆಫೀಸಿನಿಂದ ಬಂದವರು ಎಲ್ಲರೆದುರು ಟೀಚರುಗಳನ್ನು ನಿಲ್ಲಿಸಿ ಬೈದು ಹೋಗಿದ್ದರು. ಲೆಕ್ಕದಲ್ಲೇ ಹೆಚ್ಚು ಮಕ್ಕಳು ಬಿದ್ದಿದ್ದರಿಂದ ಹೆಚ್ಚು ಬೈಗುಳವೂ ಇವಳಿಗೇ. ಅದಕ್ಕೆ ಒಂದು ಕಾರಣವೂ ಇತ್ತು. ಖಾಸಗಿ ಶಾಲೆಗಳವರು ತಮ್ಮಲ್ಲಿ ಪಾಸಾಗಲಾರದ ಮಕ್ಕಳನ್ನೆಲ್ಲ ಒಂಬತ್ತಾದ ಮೇಲೆ ಸಾಗಹಾಕುತ್ತಿದ್ದರು. ಆ ಮಕ್ಕಳೆಲ್ಲ ಬಂದು ಸೇರುತ್ತಿದ್ದುದು ಇವಳ ಶಾಲೆಗೆ. “ಅವರ ಕಸ ನಮ್ಮ ಅಂಗಳಕ್ಕೆ,” ಎಂದು ಇವಳು ಮನೆಯಲ್ಲಿ ಕೂಗಾಡುತ್ತಿದ್ದಳು. ಹೌದು, ಕಸ ಎಂದೇ ಅಂದಿದ್ದಳು. ನಾನೂ ಹೂಂಗುಟ್ಟಿದ್ದೆ.

ಆಮೇಲೆ ಇವಳೊಂದು ಉಪಾಯ ಹೂಡಿದಳು. ಬೇರೆ ಶಾಲೆಯಿಂದ ಒಂಬತ್ತಕ್ಕೋ ಹತ್ತಕ್ಕೋ ಸೇರಲು ಬಂದವರಿಗೆ ಒಂದು ಹಾಳೆ, ಅದರಲ್ಲಿ ಐದು ಲೆಕ್ಕ. ನಾಲ್ಕು ಸರಿ ಬಂದರೆ ಅರ್ಜಿ ತಗೊಳ್ಳುವುದು. ಬರದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎನ್ನುವ ಹಾಗಿಲ್ಲ. ಸರ್ಕಾರಿ ಶಾಲೆ, ಬಂದ ಮಗುವನ್ನು ಬೇಡ ಅನ್ನಲು ಯಾರಿಗೂ ಅಧಿಕಾರವಿಲ್ಲ. ಹಾಗಾಗಿ ‘ಸೋಮವಾರ ಬನ್ನಿ’ ಎನ್ನುವುದು. ಸೋಮವಾರ ಬಂದರೆ ಹೆಡ್ಮಾಸ್ಟರು ಇಲ್ಲ, ಮುಂದಿನ ಸೋಮವಾರ ಬನ್ನಿ. ಮತ್ತೆ ಬಂದರೆ ಇನ್ಯಾವುದೋ ಪತ್ರ ಬೇಕು. ಕೂಲಿ ಬಿಟ್ಟು, ಅಂಗಡಿ ಮುಚ್ಚಿ ಬರುವ ಜನ ಎಷ್ಟು ಸೋಮವಾರ ಬಂದಾರು? ಬರುವುದನ್ನೇ ಬಿಟ್ಟುಬಿಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅಂಥವರಿಗೆ ‘ಸೋಮವಾರದವರು’ ಎಂದೇ ಹೆಸರು ಬಿದ್ದಿತ್ತು. ಐದು ಲೆಕ್ಕದ ಆ ಹಾಳೆಗಳನ್ನು ಸುತ್ತ ಗೆರೆ ಹಾಕಿ ಅಚ್ಚುಕಟ್ಟಾಗಿ ಮುದ್ರಿಸಿಕೊಟ್ಟವನು ನಾನು.

ಫಲಿತಾಂಶ ಏರಿತು. ಮೇಲಿನವರು ಬಂದು ಇವಳ ಬೆನ್ನು ತಟ್ಟಿದರು. ಸರ್ಕಾರಿ ಹೈಸ್ಕೂಲು ಮೊಟ್ಟಮೊದಲ ಸಲ ನನ್ನ ಅಂಗಡಿಯಲ್ಲಿ ಬೋರ್ಡು ಮಾಡಿಸಿತು. ಆದರೆ ಮಕ್ಕಳು ಕಡಿಮೆಯಾಗುತ್ತಾ ಬಂದರು. ಈ ವರ್ಷ ಹತ್ತನೇ ತರಗತಿಗೆ ಇನ್ನಷ್ಟು ಮಕ್ಕಳು ಬರದಿದ್ದರೆ ಎರಡು ವಿಭಾಗ ಸೇರಿಸಿ ಒಂದು ಮಾಡುತ್ತೇವೆ ಎಂದು ಆಫೀಸಿನವರು ಎಚ್ಚರಿಸಿದ್ದರು. ಹೆಡ್ಮಾಸ್ಟರು ಪಾಪದವರು. “ಮಕ್ಕಳ ಸಂಖ್ಯೆನೂ ಇರ್ಬೇಕು, ರಿಸಲ್ಟೂ ಇರ್ಬೇಕು. ನಾನೇನು ಮನೇಲಿ ಮಕ್ಕಳು ಮಾಡ್ಕೊಂಡು ಬರ್ಲಾ?” ಎಂದು ಗೋಳಾಡುತ್ತಿದ್ದರಂತೆ.

ಇಂಥ ಹೊತ್ತಿನಲ್ಲಿ ನಮ್ಮ ಮಗಳ ಟಿ.ಸಿ. ಮನೆಗೆ ಬಂತು.

ಅವಳನ್ನು ನಾವು ಗುಬ್ಬಿ ಎಂದು ಕರೆಯುತ್ತೇವೆ. ಚಿಕ್ಕಂದಿನಲ್ಲಿ ಸದಾ ಚಿಲಿಪಿಲಿ ಎನ್ನುತ್ತಿದ್ದಳು. ಲೆಕ್ಕದ ಪುಸ್ತಕ ತೆಗೆದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಊರ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಡುವ ತಾಯಿ ತನ್ನ ಮಗಳಿಗೆ ಹೇಳಿಕೊಡಲು ಕೂತರೆ ಹತ್ತು ನಿಮಿಷದಲ್ಲಿ ಇಬ್ಬರ ಕಣ್ಣಲ್ಲೂ ನೀರು. ನಾನು ನಡುವೆ ಹೋಗಿ ಇಬ್ಬರ ಕೈಯಲ್ಲೂ ಬೈಸಿಕೊಳ್ಳುತ್ತಿದ್ದೆ.

“ಪಕ್ಕದ ಊರಿಗೆ ಹಾಕೋಣ, ಅಲ್ಲಿ ನಾವು ಯಾರಿಗೂ ಗೊತ್ತಿಲ್ಲ,” ಎಂದೆ ನಾನು.

“ದಿನಾ ಯಾರು ಕರ್ಕೊಂಡು ಹೋಗಿ ಬರ್ತಾರೆ?” ಎಂದಳು ಹೆಂಡತಿ. ಆಮೇಲೆ ಗೋಡೆಗೆ ಹೇಳುವ ಹಾಗೆ, “ನಮ್ಮ ಸ್ಕೂಲಿಗೇ ಸೇರಿಸ್ಬೇಕು,” ಎಂದಳು.

“ನಿಮ್ಮ ಸ್ಕೂಲಿಗಾ?” ಎಂಬ ಮಾತು ನನ್ನ ಬಾಯಿಂದ ಜಾರಿಯೇಬಿಟ್ಟಿತು. ಇವಳು ನನ್ನತ್ತ ನೋಡಿದ ನೋಟ ಏನು ಹೇಳಲಿ! ಮನೆ ಮನೆಗೆ ಹೋಗಿ ನಮ್ಮ ಶಾಲೆಗೆ ಕಳಿಸಿ, ನಮ್ಮ ಶಾಲೆಗೆ ಕಳಿಸಿ ಎಂದು ಕೈಮುಗಿದು ಬರುವವಳ ಗಂಡನೇ ಹೀಗೆ ಕೇಳಿದರೆ ಹೇಗಿರುತ್ತದೆ? ಆದರೆ ಅವಳಿಗೂ ನಾಚಿಕೆಯಾಗಿತ್ತು. ಮಗಳನ್ನು ಅಲ್ಲಿಗೆ ಸೇರಿಸಲು ನಾಚಿಕೆ, ನಾಚಿಕೆಯಾಗುತ್ತಿದೆಯಲ್ಲ ಎಂದು ಮತ್ತೆ ನಾಚಿಕೆ. ಗುಬ್ಬಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಐದು ಲೆಕ್ಕದ ಮಾತು ಇಬ್ಬರೂ ಎತ್ತಲಿಲ್ಲ. ಗುಬ್ಬಿಗೆ ನಾಲ್ಕು ಸರಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನ ಅರ್ಜಿ ತಗೊಳ್ಳುವುದು ಮುಗಿದ ಮೇಲೆ ನಾನು ಅವಳನ್ನು ಕರೆದುಕೊಂಡು ಹೋಗುವುದು, ಇವಳು ಒಳಗೆ ಹೆಡ್ಮಾಸ್ಟರ ಹತ್ತಿರ ಸಹಿ ಹಾಕಿಸಿಕೊಂಡು ಬರುವುದು ಎಂದಷ್ಟೇ ಮಾತಾಡಿಕೊಂಡೆವು. ಕಳ್ಳರು ಮಾತಾಡಿಕೊಳ್ಳುವ ಹಾಗೆ, ಪೂರ್ತಿ ವಾಕ್ಯ ಆಡದೆ.

ನಾವು ಹೋದಾಗ ಶಾಲೆಯ ಜಗಲಿಯಲ್ಲಿ ಮೇಜು ಇನ್ನೂ ಎತ್ತಿರಲಿಲ್ಲ. ಚಿತ್ರಕಲೆಯ ಮೇಷ್ಟ್ರು ಅದರ ಹಿಂದೆ ಕೂತಿದ್ದರು. ಎದುರಿಗೆ ಒಬ್ಬ ಹೆಂಗಸು, ಪಕ್ಕದಲ್ಲಿ ಒಬ್ಬ ಹುಡುಗಿ. ಹೆಂಗಸು ನಮ್ಮ ಬೀದಿಯ ಕೊನೆಯ ಇಸ್ತ್ರಿ ಅಂಗಡಿಯಾಕೆ. ಹುಡುಗಿಯನ್ನು ಕಂಡದ್ದೇ ಗುಬ್ಬಿ ನನ್ನ ಕೈ ಬಿಟ್ಟು ಓಡಿದಳು. ಒಂದೇ ಬೆಂಚಿನ ಗೆಳತಿಯರಂತೆ! ಆ ಶಾಲೆಯವರು ಬೆಂಚನ್ನೇ ಎತ್ತಿ ಹೊರಗೆ ಹಾಕಿದ್ದರು.

“ಓ, ನಿಮ್ಮನ್ನೂ ಕಳಿಸಿದ್ರಾ ಸಾರ್?” ಎಂದಳು ಇಸ್ತ್ರಿ ಅಂಗಡಿಯಾಕೆ. ಅವಳ ಮುಖದಲ್ಲಿ ಸಮಾಧಾನವೇ ಕಂಡಿತು. “ನಿಮಗೇನು ಬಿಡಿ, ಮನೆಯವರದ್ದೇ ಸ್ಕೂಲು. ನಾನು ಬರ್ತಾ ಇರೋದು ಇದು ಮೂರನೇ ಸೋಮವಾರ. ಎರಡು ಸಲ ಪರೀಕ್ಷೆ ಹಾಳೆ ಮುಗಿದಿದೆ ಅಂತ ವಾಪಸ್ ಕಳಿಸಿದ್ರು, ಇವತ್ತು ಬರೆಸದೆ ಹೋಗಲ್ಲ ಅಂತ ಕೂತಿದ್ದೀನಿ.”

ಚಿತ್ರದ ಮೇಷ್ಟ್ರು ನನ್ನ ಮುಖ ನೋಡಿದರು, ಆ ಹುಡುಗಿಗೆ ಹಾಳೆ ಕೊಟ್ಟರು. ಗುಬ್ಬಿಯೂ ಕೈ ಚಾಚಿದಳು.

“ನಿಂಗೆ ಬೇಡ, ಈ ಕಡೆ ಬಾ,” ಎಂದೆ.

“ಯಾಕೆ ಸಾರ್, ಎಲ್ಲರೂ ಬರೀಬೇಕಲ್ವಾ? ನಮಗೆ ಹಾಗಂತ ಹೇಳಿದ್ರು,” ಎಂದಳು ಇಸ್ತ್ರಿ ಅಂಗಡಿಯಾಕೆ. ಅವಳು ಚುಚ್ಚಲು ಹೇಳಿದ್ದಲ್ಲ. ನಿಯಮ ತಿಳಿಯದ ನನಗೆ ನಿಯಮ ತಿಳಿಸಿದಳು, ಅಷ್ಟೇ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಗುಬ್ಬಿ ಹಾಳೆ ತಗೊಂಡು ಗೆಳತಿಯ ಪಕ್ಕ ಕೂತು ಬರೆಯತೊಡಗಿದಳು. ಸುತ್ತ ಗೆರೆ ಹಾಕಿದ ನನ್ನದೇ ಹಾಳೆ. ಅವಳ ಪೆನ್ನು ಮೊದಲನೇ ಲೆಕ್ಕದ ಮೇಲೆ ನಿಂತಿತು, ಎರಡನೆಯದಕ್ಕೆ ಹೋಯಿತು, ಮತ್ತೆ ಹಿಂದೆ ಬಂತು. ಅವಳು ಉಗುರು ಕಚ್ಚಲಿಲ್ಲ, ಅಳಲಿಲ್ಲ. ಅತ್ತಿದ್ದರೆ ಎಬ್ಬಿಸಿಕೊಂಡು ಹೋಗಬಹುದಿತ್ತು ಎಂದು ಕಾಯುತ್ತಿದ್ದವನು ನಾನು.

ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದಳು. ಮಗಳು ಬರೆಯುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತಳು. ಬರೆದು ಮುಗಿಸಿದ ಮೇಲೆ ಹುಡುಗಿಯರಿಬ್ಬರೂ ಹಾಳೆ ತಂದು ಅವಳ ಕೈಗೆ ಕೊಟ್ಟರು. ಇವಳು ಕುರ್ಚಿಯಲ್ಲಿ ಕೂತು ಕೆಂಪು ಪೆನ್ನು ತೆಗೆದಳು. ಇಸ್ತ್ರಿ ಅಂಗಡಿಯಾಕೆಯ ಮಗಳಿಗೆ ಎರಡು ಸರಿ. ಗುಬ್ಬಿಯ ಹಾಳೆಯಲ್ಲಿ ಒಂದು ಸರಿ. ಇನ್ನೊಂದು ಲೆಕ್ಕದಲ್ಲಿ ಎಲ್ಲವೂ ಸರಿಯಿದ್ದು ಕೊನೆಯಲ್ಲಿ ಮೈನಸ್ ಗುರುತು ಬಿಟ್ಟುಹೋಗಿತ್ತು. ಪೆನ್ನು ಅದರ ಮೇಲೆ ತಡೆಯಿತು. ಕೊಟ್ಟುಬಿಡೇ, ಒಂದು ಸಣ್ಣ ಗೀಟು ತಾನೇ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇವಳು ತಪ್ಪು ಹಾಕಿದಳು.

“ಎರಡು ಸರಿ ಇದೆಯಲ್ವಾ ಮೇಡಂ?” ಎಂದು ಇಸ್ತ್ರಿ ಅಂಗಡಿಯಾಕೆ ಬಗ್ಗಿ ನೋಡಿದಳು. “ಸಾಕಾ?”

ನನ್ನ ಹೆಂಡತಿ ತಲೆ ಎತ್ತದೆ, “ಇಬ್ಬರದ್ದೂ ಅರ್ಜಿ ತಗೊಳ್ಳಿ ಮೇಷ್ಟ್ರೇ,” ಎಂದಳು.

ಇಸ್ತ್ರಿ ಅಂಗಡಿಯಾಕೆ ಇವಳ ಎರಡೂ ಕೈ ಹಿಡಿದುಕೊಂಡಳು. ನಿಮ್ಮ ಉಪಕಾರ ಜನ್ಮ ಇರೋವರೆಗೂ ಮರೆಯಲ್ಲ ಎಂದಳು. ಇನ್ನು ಮೇಲೆ ನಿಮ್ಮ ಸೀರೆ ನನ್ನ ಹತ್ತಿರವೇ ಕೊಡಿ, ಗೆರೆ ಮುರಿಯದ ಹಾಗೆ ಇಸ್ತ್ರಿ ಮಾಡಿಕೊಡ್ತೀನಿ ಎಂದಳು. ಆಮೇಲೆ ದನಿ ತಗ್ಗಿಸಿ, “ನನ್ನ ಮಗಳಿಗೆ ಒಂದು ಹೆಚ್ಚು ಬಂತು ಅಂತ ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಮಗೂನೂ ಕಲಿಯುತ್ತೆ,” ಎಂದು ಸಮಾಧಾನ ಹೇಳಿದಳು.

ದಾರಿಯಲ್ಲಿ ಮೂವರೂ ನಡೆದುಕೊಂಡೇ ಬಂದೆವು. ಕೆಲಸವೇನೋ ಆಗಿತ್ತು. ನಮ್ಮ ಮನೆ ತಿರುವಿನ ಹತ್ತಿರ ಗುಬ್ಬಿ ನಿಂತಳು.

“ಅಮ್ಮಾ, ಇವತ್ತು ನಾನು ಬರದೇ ಇದ್ದಿದ್ರೆ ಅವಳನ್ನ ಸೇರಿಸ್ಕೋತಿದ್ಯಾ?”

ಸುಳ್ಳು ಹೇಳುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಹೇಳುತ್ತಿದ್ದೆ.

“ಇಲ್ಲ,” ಎಂದಳು.

“ಮುಂಚೆ ಬಂದೋರಲ್ಲಿ ನನಗಿಂತ ಹೆಚ್ಚು ಬಂದೋರು ಇದ್ರಾ?”

“ಎಲ್ಲರಿಗೂ ಹೆಚ್ಚೇ ಬಂದಿತ್ತು.”

ಗುಬ್ಬಿ ಅಮ್ಮನ ಮುಖವನ್ನೇ ನೋಡಿದಳು. “ಹಾಗಾದ್ರೆ ಅವ್ರನ್ನ ಕರ್ಕೊಂಡು ಬಾ. ಒಬ್ಬರನ್ನಾದ್ರೂ ಕರ್ಕೊಂಡು ಬಾ. ಅವ್ರನ್ನೆಲ್ಲ ಓಡಿಸಿ ನಾನು ಹೇಗೆ ಹೋಗಿ ಕೂತ್ಕೊಳ್ಳಲಿ? ಅಲ್ಲೀವರೆಗೂ ನಾನು ಸ್ಕೂಲಿಗೆ ಬರಲ್ಲ.”

ಯಾವತ್ತೂ ಹಟ ಮಾಡದ ಹುಡುಗಿ. ಶಾಲೆ ಶುರುವಾಯಿತು, ಅವಳು ಹೊರಡಲಿಲ್ಲ. ಹೊಸ ಸಮವಸ್ತ್ರ ಕುರ್ಚಿಯ ಮೇಲೆ ಮಡಚಿದ ಹಾಗೇ ಇತ್ತು. ನಾನು ಪುಸಲಾಯಿಸಿದೆ, ಗದರಿಸಿದೆ, ಮಾತು ಬಿಟ್ಟೆ. ಅವಳು ಅಂಗಡಿಗೆ ಬಂದು ಫ್ಲೆಕ್ಸಿನ ಅಂಚು ಕತ್ತರಿಸಿಕೊಡುತ್ತಾ ಕೂತಳು. ಆ ವಾರ ಅವಳು ಅಂಚು ಕತ್ತರಿಸಿದ್ದು ‘ನೂರಕ್ಕೆ ನೂರು’ ಬೋರ್ಡಿನದು.

ಕೊನೆಗೆ ನನ್ನ ಹೆಂಡತಿ ಹೆಡ್ಮಾಸ್ಟರ ಹತ್ತಿರ ಹೋಗಿ, ಸೋಮವಾರದವರನ್ನು ವಾಪಸ್ಸು ಕರೆಯುತ್ತೇನೆ ಎಂದಳಂತೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರಂತೆ. “ದಯವಿಟ್ಟು ಕರೀರಿ ಮೇಡಂ, ಸಂಖ್ಯೆ ಕಡಿಮೆ ಬಿದ್ದಿದೆ. ಎಷ್ಟು ಸಿಗ್ತಾರೋ ಅಷ್ಟು.” ಮನೆಗೆ ಬಂದು ಇದನ್ನು ಹೇಳುವಾಗ ಅವಳ ಮುಖ ಕಪ್ಪಿಟ್ಟಿತ್ತು. ಮಾಡಿದ ತಪ್ಪು ತಿದ್ದಿಕೊಳ್ಳಲು ಹೋದರೆ ಅದೂ ಸಂಖ್ಯೆ ತುಂಬಿಸುವ ಕೆಲಸವಾಗಿ ಕೂತಿತ್ತು.

“ಮೊದಲು ಪಂಕ್ಚರ್ ಅಂಗಡಿಯವರ ಮನೆಗೆ ಹೋಗೋಣ. ಅವರ ಮಗಳನ್ನ ಹೋದ ವರ್ಷ ಒಂಬತ್ತಕ್ಕೆ ಸೇರಿಸೋಕೆ ಬಂದಿದ್ರು,” ಎಂದಳು, ಸ್ಕೂಟರಿನ ಹಿಂದೆ ಕೂತು. ಆ ಹುಡುಗಿ ಓದುತ್ತಿದ್ದ ಸಣ್ಣ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತಂತೆ. “ಅವಳಿಗೆ ಮೂರು ಬಂದಿತ್ತು ರೀ. ನಾಲ್ಕನೇದು ಅರ್ಧ ಮಾಡಿದ್ಲು. ತಗೊಳ್ಳಲಾ ಬೇಡ್ವಾ ಅಂತ ತುಂಬಾ ಯೋಚನೆ ಮಾಡಿ, ಬೇಡ ಅಂದೆ.”

“ಅವರಪ್ಪನಿಗೆ ಏನು ಹೇಳಿದ್ದೆ?”

“ಎರಡು ಸೋಮವಾರ ಓಡಾಡಿಸಿದ್ರೂ ಬಂದ್ರು. ಆಗ, ಮಗುವಿಗೆ ಓದು ಹತ್ತಲ್ಲ ಅಂತ ಹೇಳಿಬಿಟ್ಟೆ.”

ಪಂಕ್ಚರ್ ಅಂಗಡಿ ರಸ್ತೆಯ ಅಂಚಿಗೇ ಇತ್ತು, ಮನೆ ಅದರ ಹಿಂದೆ. ಹುಡುಗಿ ಕುಕ್ಕರಗಾಲಲ್ಲಿ ಕೂತು, ಗಾಳಿ ತುಂಬಿದ ಟ್ಯೂಬನ್ನು ನೀರಿನ ಟಬ್ಬಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದಳು. ನಮ್ಮನ್ನು ನೋಡಿದಳು, ಗುರುತು ಹಿಡಿದಳು, ಮತ್ತೆ ನೀರಿನತ್ತ ಕಣ್ಣು ಹಾಕಿದಳು.

ಅಪ್ಪ ಮಾತ್ರ ಕೈಯ ಗ್ರೀಸು ಒರೆಸಿಕೊಂಡು ಓಡಿಬಂದ. ಒಳಗಿನಿಂದ ಎರಡು ಕುರ್ಚಿ ತಂದು ತಾನೇ ಒರೆಸಿದ. “ಟೀಚರಮ್ಮ ನಮ್ಮ ಅಂಗಡಿಗೆ! ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಮ್ಮನ್ನ ನಾನು ಯಾವಾಗಲೂ ನೆನೆಸ್ಕೋತೀನಿ. ಬೇರೆಯವರಾಗಿದ್ರೆ ಸುಮ್ನೆ ಸೇರಿಸ್ಕೊಂಡು ವರ್ಷ ಹಾಳು ಮಾಡ್ತಿದ್ರು. ನೀವು ಮುಖಕ್ಕೆ ನಿಜ ಹೇಳಿದ್ರಿ. ಇವಳೂ ಈಗ ಕೆಲಸ ಕಲಿತುಬಿಟ್ಲು.”

ನನ್ನ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. “ಅವಳನ್ನ ಮತ್ತೆ ಸ್ಕೂಲಿಗೆ ಕಳಿಸಿ,” ಎಂದಳು. “ಸೇರಿಸ್ಕೊಳ್ಳದೆ ಇದ್ದದ್ದು ನನ್ನ ತಪ್ಪು.”

ಅವನು ನಕ್ಕುಬಿಟ್ಟ. “ದೊಡ್ಡ ಮನಸ್ಸು ನಿಮ್ಮದು. ಓದು ಹತ್ತದ ಮಕ್ಕಳಿಗೆ ನೀವು ತಾನೇ ಏನು ಮಾಡ್ತೀರಿ?” ಮಗಳ ಕಡೆ ತಿರುಗಿ, “ಕೇಳಿಸ್ತೇನೇ? ಟೀಚರಮ್ಮನೇ ಕರೆಯೋಕೆ ಬಂದಿದ್ದಾರೆ. ಹೋಗ್ತೀಯಾ?” ಎಂದ.

ಹುಡುಗಿ ಟ್ಯೂಬು ತಿರುಗಿಸುವುದನ್ನು ನಿಲ್ಲಿಸಿದಳು. “ಲೆಕ್ಕ ನೀವೇ ಹೇಳ್ಕೊಡೋದಾ ಮೇಡಂ?”

“ಹೌದು.”

“ಹಾಗಾದ್ರೆ ಬೇಡ,” ಎಂದಳು. ಕೋಪವಿಲ್ಲದೆ, ಸಣ್ಣ ದನಿಯಲ್ಲಿ ಹೇಳಿದಳು.

ಅಪ್ಪ ಅವಳ ಮೇಲೆ ರೇಗಿದ. ಬಾಗಿಲಿಗೆ ಬಂದವರ ಮುಂದೆ ಹೀಗಾ ಮಾತಾಡೋದು ಎಂದು ಕೈ ಎತ್ತಿದ. ಎತ್ತಿದ ಕೈಯನ್ನು ಇನ್ನೊಂದಕ್ಕೆ ಜೋಡಿಸಿ ನಮ್ಮ ಕಡೆ ತಿರುಗಿದ. “ತಪ್ಪಾಯ್ತು ಟೀಚರಮ್ಮ, ಕ್ಷಮಿಸಿಬಿಡಿ. ಅವಳಿಗೆ ಬುದ್ಧಿ ಕಡಿಮೆ, ನಿಮಗೆ ಗೊತ್ತೇ ಇದೆಯಲ್ಲ.” ಅವನು ನಮ್ಮ ಕ್ಷಮೆ ಕೇಳುತ್ತಿದ್ದ. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಸ್ಕೂಟರಿನ ಕೀ ಕೈಯಲ್ಲಿ ತಿರುಗಿಸುತ್ತಾ ನಿಂತೆ. ಎದ್ದು ಹೋಗಿಬಿಡೋಣ, ಅವನು ನಮ್ಮನ್ನು ಒಳ್ಳೆಯವರೆಂದುಕೊಂಡಿದ್ದಾನೆ, ಹಾಗೇ ಇರಲಿ ಎಂದು ನನ್ನ ಮನಸ್ಸು ಹೇಳುತ್ತಿತ್ತು.

ನನ್ನ ಹೆಂಡತಿ ಎದ್ದು ನಿಂತಳು. “ಬುದ್ಧಿ ಕಡಿಮೆ ಅನ್ನಬೇಡಿ. ಅವಳಿಗೆ ಐದರಲ್ಲಿ ಮೂರು ಸರಿ ಬಂದಿತ್ತು. ನಾನು ನಿಮಗೆ ಹೇಳಲಿಲ್ಲ. ನಮ್ಮ ರಿಸಲ್ಟು ಕೆಡಬಾರದು ಅಂತ ಕಳಿಸಿಬಿಟ್ಟೆ. ಈ ವರ್ಷ ನನ್ನ ಮಗಳಿಗೆ ಒಂದು ಬಂತು. ಅವಳನ್ನ ಸೇರಿಸ್ಕೊಂಡೆ.”

ಅವನ ಜೋಡಿಸಿದ ಕೈ ಹಾಗೇ ಇತ್ತು. ಮುಖದ ಮೇಲಿನ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

“ಮೂರಾ?” ಎಂದ. ನಮ್ಮನ್ನಲ್ಲ, ಮಗಳನ್ನು ಕೇಳಿದ. ಅವಳು ನೀರಿನಿಂದ ಕೈ ತೆಗೆಯದೆ ಹೂಂ ಎಂದು ತಲೆಯಾಡಿಸಿದಳು.

“ನೀನ್ಯಾಕೆ ಹೇಳಲಿಲ್ಲ?”

“ಹೇಳಿದ್ದೆ ಅಪ್ಪಾ. ಟೀಚರ್ ಸುಳ್ಳು ಹೇಳ್ತಾರಾ ಅಂತ ನೀನೇ ಬೈದೆ.”

ಅವನು ಟಬ್ಬಿನ ಪಕ್ಕ ಮಗಳ ಎದುರಿಗೆ ಕುಕ್ಕರಿಸಿ ಕೂತ. “ಒಂದು ವರ್ಷದಿಂದ ನಿನ್ನ ದಡ್ಡಿ ದಡ್ಡಿ ಅಂತಾನೇ ಕರೀತಿದ್ದೆನಲ್ಲೇ,” ಎಂದ. ಹುಡುಗಿ ಟ್ಯೂಬನ್ನು ಇನ್ನೊಂದು ಸ್ವಲ್ಪ ತಿರುಗಿಸಿದಳು. ಆಮೇಲೆ ಅವನು ನಮ್ಮ ಕಡೆ ತಿರುಗಲಿಲ್ಲ. ಕೂತ್ಕೊಳ್ಳಿ ಎಂದೂ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವನು ಒರೆಸಿಕೊಟ್ಟ ಕುರ್ಚಿಗಳ ಪಕ್ಕದಲ್ಲಿ ನಾವಿಬ್ಬರೂ ನಿಂತೇ ಇದ್ದೆವು.